ಗುರವ್ವನ ಏಳು ಸುತ್ತು

ದೆವ್ವ, ಮಾಯೆ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಸೂಕ್ಷ್ಮದರ್ಶಕದಲ್ಲಿ ಕಾಣದ್ದು ಇಲ್ಲವೇ ಇಲ್ಲ ಎಂಬ ಜಂಬ ಬೇರೆ. ನಂಬಿ ಎಂದು ನಿಮ್ಮನ್ನು ಈಗಲೂ ಕೇಳುವುದಿಲ್ಲ. ಆದರೆ ನಡೆದದ್ದನ್ನು ಹೇಳದೆ ಸತ್ತರೆ ಗುರವ್ವ ಎಂಬ ಹೆಣ್ಣುಮಗಳಿಗೆ ಇನ್ನೊಮ್ಮೆ ಮೋಸ ಮಾಡಿದಂತಾದೀತು.

ಎಂಬತ್ತರ ದಶಕದ ಮೊದಲ ವರ್ಷಗಳು. ಇಳಕಲ್ಲಿನ ಬಾಡಿಗೆ ಕೋಣೆಯೊಂದರಲ್ಲಿ ನಾರು ಹುಣ್ಣಿನ ಹುಳುಗಳನ್ನು ಅಭ್ಯಾಸ ಮಾಡುವ ಸಣ್ಣ ಪ್ರಯೋಗಾಲಯ; ಕೆಲಸಕ್ಕೆ ನಾನೊಬ್ಬನೇ. ಮೆಟ್ಟಿಲ ಬಾವಿಯ ನೀರು ಕುಡಿದವರ ಮೈಯೊಳಗೆ ಈ ಹುಳು ವರ್ಷವಿಡೀ ಬೆಳೆದು, ಕಾಲಲ್ಲಿ ಹುಣ್ಣು ಮಾಡಿ, ಬಿಳಿ ದಾರದಂತೆ ಹೊರಗೆ ಇಣುಕುತ್ತದೆ. ಅದನ್ನು ಕಡ್ಡಿಗೆ ಸಿಕ್ಕಿಸಿ ದಿನಕ್ಕೆ ಒಂದೇ ಸುತ್ತು ಸುತ್ತುತ್ತ ತೆಗೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ, ಒಳಗುಳಿದದ್ದು ಕೊಳೆತು ನಂಜಾಗುತ್ತದೆ.

ಗುರವ್ವ ನಮ್ಮ ಓಣಿಯಲ್ಲೇ ಸೀರೆ ನೇಯುವವಳು. ಹುಣ್ಣಾದದ್ದು ಮಗ್ಗ ತುಳಿಯುವ ಕಾಲಿಗೆ, ನೇಯ್ಗೆ ನಿಂತೇ ಹೋಗಿತ್ತು. ದಿನಾ ಬೆಳಿಗ್ಗೆ ಕುಂಟುತ್ತ ಬಂದು ಒಂದು ಸುತ್ತು ಸುತ್ತಿಸಿಕೊಂಡು ಹೋಗುತ್ತಿದ್ದಳು. ಏಳು ಸುತ್ತು ಆಗಿತ್ತು. ಮರುದಿನ ಬಾಗಲಕೋಟೆಯಿಂದ ಮೇಲಧಿಕಾರಿ ಬರುವವರಿದ್ದರು. ಅವಳ ಕಾಲು ಬೇಗ ವಾಸಿಯಾಗಲೆಂದು ಹಾಗೆ ಮಾಡಿದೆ ಎನ್ನಬಹುದು, ಅದು ಸುಳ್ಳು. ಅವರಿಗೆ ಇಡೀ ಹುಳು ತೋರಿಸಿ ಶಾಭಾಸ್ ಎನ್ನಿಸಿಕೊಳ್ಳುವ ಆಸೆ ನನಗೆ.

"ಇವತ್ತ ಪೂರಾ ತಗದ ಬಿಡೂಣು, ಗುರವ್ವ," ಎಂದೆ.

"ದಿನಾ ಒಂದ ಸುತ್ತ ಸಾಕ್ರಿ ಸಾಹೇಬ್ರ. ನೂಲು ಹರದ್ರ ಗಂಟ ಹಾಕ್ತೇನಿ, ಇದಕ್ಕ ಹೆಂಗ ಹಾಕ್ಲಿ?" ಎಂದು ನಕ್ಕಳು.

ಎಳೆದೆ. ಹುಣ್ಣಿನ ಬಾಯಲ್ಲೇ ಹರಿಯಿತು. ಅವಳು ಸೆರಗಿನಿಂದ ಕಾಲು ಒರೆಸಿಕೊಂಡು ಎದ್ದುಹೋದಳು.

ಆ ತುಂಡನ್ನು ಕಡ್ಡಿ ಸಮೇತ ಔಷಧದ ಬಾಟಲಿಗೆ ಹಾಕಿ, ಬಾಯಿಗೆ ಅರಗು ಮೆತ್ತಿ, 'ಏಳು ಸುತ್ತು, ಬಾಲವಿಲ್ಲ' ಎಂದು ಚೀಟಿ ಅಂಟಿಸಿ ಬೀರುವಿನಲ್ಲಿಟ್ಟೆ. ಬೀರುವಿನ ಕೀಲಿ ನನ್ನ ಉಡದಾರದಲ್ಲೇ ಇರುತ್ತಿತ್ತು.

ಗುರವ್ವನ ಕಾಲು ಬಾತು ಜ್ವರ ಏರಿತು. ದವಾಖಾನೆಯಲ್ಲಿ ಒಂಬತ್ತು ದಿನ ನರಳಿ ತೀರಿಕೊಂಡಳು. ಮಣ್ಣು ಕೊಟ್ಟ ಸಂಜೆ, ಅವಳ ಗಂಡನ ಮುಖ ನೋಡಲಾಗದೆ ಪ್ರಯೋಗಾಲಯಕ್ಕೆ ಬಂದು ಬೀರು ತೆರೆದೆ.

ಅರಗು ಹಾಗೇ ಇತ್ತು. ಚೀಟಿಯ ಅಕ್ಷರ ನನ್ನದೇ. ಕಡ್ಡಿಯ ಮೇಲೆ ಮಾತ್ರ ಹದಿನಾರು ಸುತ್ತುಗಳಿದ್ದವು. ಮೂರು ಸಲ ಎಣಿಸಿದೆ. ನನ್ನ ಏಳರ ಪಕ್ಕದಲ್ಲಿ ಇನ್ನೂ ಒಂಬತ್ತು, ಅವಳು ನರಳಿದ ದಿನಕ್ಕೆ ಒಂದರಂತೆ, ನೇಕಾರರು ಕಂಡಿಕೆಗೆ ನೂಲು ಸುತ್ತಿದಷ್ಟು ಒಪ್ಪವಾಗಿ. ಕೊನೆಯಲ್ಲಿ ಕೊಕ್ಕೆಯಂತೆ ಬಾಗಿದ ಬಾಲವೂ ಇತ್ತು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಮೊದಲೇ ತಪ್ಪು ಎಣಿಸಿದ್ದೆನೇ? ಹಾಗಾದರೆ ಬಾಲ ಎಲ್ಲಿಂದ ಬಂತು? ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಉಳಿದದ್ದನ್ನು ಗುರವ್ವನೇ ತನ್ನ ಲೆಕ್ಕದಂತೆ ದಿನಾ ಒಂದು ಸುತ್ತು ಸುತ್ತಿಕೊಂಡಳು ಎಂದು ಒಪ್ಪಿಕೊಂಡರೂ ಸಮಾಧಾನವಿಲ್ಲ. ಹುಳು ಅಷ್ಟೂ ಹೊರಗೆ ಬಂದಿತ್ತು ಎಂದಮೇಲೆ ಅವಳು ಬದುಕಬೇಕಿತ್ತಲ್ಲ?