ಖರಾಬು ಮಾಲು ಮೊದಲು

ಬೆಳಗಾವಿಯ ಖಾಸಬಾಗದಲ್ಲಿ ನಮ್ಮ ಮನೆಯ ಮೇಲಂತಸ್ತಿನಲ್ಲಿ ನಾನೊಂದು ಕ್ಲಾಸು ನಡೆಸುತ್ತೇನೆ. ಪಕ್ಕದ ಮನೆಯವರ ಮಗ್ಗಗಳು ಬೆಳಗಿನಿಂದ ಸಂಜೆಯವರೆಗೆ ಕಟಕಟ ಅನ್ನುತ್ತಿರುತ್ತವೆ. ನಾನು ಅದಕ್ಕಿಂತ ದೊಡ್ಡ ದನಿ ತೆಗೆದು ವ್ಯಾಪಾರದ ಇಂಗ್ಲಿಷಿನ ನುಡಿಗಟ್ಟುಗಳನ್ನು ಕಲಿಸುತ್ತಿರುತ್ತೇನೆ. ಹೊರಗೆ ನೇತುಹಾಕಿದ ಬೋರ್ಡಿನ ಮೇಲೆ ‘ಮೂವತ್ತು ದಿನಗಳಲ್ಲಿ ಬಿಸಿನೆಸ್ ಇಂಗ್ಲಿಷ್’ ಎಂದಿದೆ. ಮೂವತ್ತೇ ಯಾಕೆಂದರೆ, ಮೂವತ್ತೊಂದನೆಯ ದಿನ ಹೇಳಿಕೊಡಲು ನನ್ನ ಹತ್ತಿರ ಏನೂ ಉಳಿದಿರುವುದಿಲ್ಲ.

ಈ ಕಸುಬಿಗೆ ಬರುವ ಮೊದಲು ಹನ್ನೊಂದು ವರ್ಷ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಅಷ್ಟು ವರ್ಷ ಅತಿಥಿಯಾಗಿಯೇ ಉಳಿಯುವ ಭಾಗ್ಯ ನಮ್ಮ ಕಡೆ ಅಳಿಯಂದಿರಿಗೆ ಮಾತ್ರ ಇರುವುದು. ಕೊನೆಯ ದಿನ ಪ್ರಾಂಶುಪಾಲರು ಚಹಾ ಕುಡಿಸಿ, “ವಿ ವಿಲ್ ಕೀಪ್ ಯು ಇನ್ ದ ಲೂಪ್” ಅಂದರು. ಏನಾದರೂ ಇದ್ದರೆ ತಿಳಿಸುತ್ತೇವೆ ಎಂದು ಅರ್ಥ. ಆ ಲೂಪಿನಲ್ಲಿ ನಾನು ಇವತ್ತಿಗೂ ಇದ್ದೇನೆ. ಮನೆಗೆ ಬಂದು ಎರಡು ದಿನ ಅತ್ತೆ. ಮೂರನೆಯ ದಿನ, ಇಲ್ಲ ಅನ್ನುವುದನ್ನು ಇಷ್ಟು ಸವಿಯಾಗಿ ಹೇಳಲು ಬರುವ ಭಾಷೆಗೆ ಈ ಊರಲ್ಲಿ ಗಿರಾಕಿಗಳು ಇದ್ದೇ ಇರುತ್ತಾರೆ ಅನ್ನಿಸಿತು. ಒಂದು ನೋಟ್‌ಬುಕ್ ತಂದು ಬರೆಯಲು ಕೂತೆ.

ಈಗ ಅದರಲ್ಲಿ ಇನ್ನೂರಕ್ಕೂ ಹೆಚ್ಚು ನುಡಿಗಟ್ಟುಗಳಿವೆ. ಅರ್ಧಕ್ಕರ್ಧ ನಾವು ಯಾರೂ ಆಡದ ಆಟಗಳಿಂದ ಬಂದವು. ಸುಮ್ಮನೆ ಅಂದಾಜು ಅಂದರೆ ಮುಗಿಯುವ ಕಡೆ ‘ಬಾಲ್‌ಪಾರ್ಕ್ ಫಿಗರ್’ ಅನ್ನಬೇಕು. ಮುಂದಿನದು ನಿಮಗೆ ಬಿಟ್ಟದ್ದು ಅನ್ನಲು ‘ಬಾಲ್ ಈಸ್ ಇನ್ ಯುವರ್ ಕೋರ್ಟ್’. ಕೂತಲ್ಲಿ ಲಾಭ ಕೊಡುವ ದಂಧೆಗೆ ‘ಕ್ಯಾಶ್ ಕೌ’. ಪಾರಿಶ್ವಾಡದ ನನ್ನ ತವರಿನಲ್ಲಿ ಐದು ಎಮ್ಮೆ ಕಟ್ಟಿದ್ದ ಅವ್ವನಿಗೆ ಇದನ್ನು ವಿವರಿಸಿದಾಗ ಆಕೆ, “ಅದರ ಸೆಗಣಿ ಯಾರ ಬಳೀತಾರ?” ಎಂದು ಕೇಳಿದ್ದಳು.

ನನ್ನ ವಿದ್ಯಾರ್ಥಿಗಳೆಲ್ಲ ಇಪ್ಪತ್ತರ ಆಚೀಚಿನವರು. ಹಾಗಿರುವಾಗ ಹೋದ ವರ್ಷ ಮೇ ತಿಂಗಳ ಒಂದು ಸಂಜೆ ಅರವತ್ತರ ಹತ್ತಿರದ ಗೃಹಸ್ಥರೊಬ್ಬರು ಮೆಟ್ಟಿಲು ಹತ್ತಿ ಬಂದರು. ಬಿಳಿ ಗಡ್ಡ, ಅಂಗಿಯ ತೋಳಿನಲ್ಲಿ ಕಿಡಿ ಸಿಡಿದು ಆದ ಸಣ್ಣ ಸಣ್ಣ ತೂತು, ಹೆಗಲಿಗೊಂದು ಕ್ಯಾನ್ವಾಸಿನ ಭಾರವಾದ ಚೀಲ. ಪೀರನವಾಡಿಯಲ್ಲಿ ಅವರದೊಂದು ಫೌಂಡ್ರಿ ಇತ್ತು. ತಂದೆ ಶುರು ಮಾಡಿದ್ದು. ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕೆಲಸಕ್ಕೆ ಹತ್ತೊಂಬತ್ತು ಮಂದಿ ಇದ್ದರು. ನಾನು ಅವರನ್ನು ಮೊದಲ ದಿನದಿಂದಲೇ ಚಾಚಾ ಅಂದೆ, ಅವರು ನನ್ನನ್ನು, ಈ ಕಡೆ ಟೀಚರನ್ನು ಕರೆಯುವ ಹಾಗೆ, ಬಾಯಾರ ಅಂದರು.

“ಇಂಗ್ಲಿಷ್ ನನಗ ಬರತೈತ್ರಿ ಬಾಯಾರ. ಡ್ರಾಯಿಂಗ್ ಓದತೇನಿ, ಬಿಲ್ ಬರೀತೇನಿ. ಆದ್ರ ಪುಣೆ ಕಂಪನ್ಯಾಗ ಖರೀದಿಗೆ ಹೊಸಾ ಹುಡುಗರು ಬಂದಾರ. ಅವರ ಜೋಡಿ ಒಂದ ತಾಸ ಮಾತಾಡಿ ಹೊರಗ ಬಂದ್ರ, ಆರ್ಡರ್ ಕೊಟ್ರೋ ಇಲ್ಲೋ ಅನ್ನೂದ ತಿಳಿಯೂದಿಲ್ಲ. ಜೂನಿನ್ಯಾಗ ಮೀಟಿಂಗ್ ಐತಿ. ಅಷ್ಟರಾಗ ಕಲಿಸ್ರಿ.”

ಆ ಕಂಪನಿ ನೀರಿನ ಪಂಪು ಮಾಡುವುದು. ಪಂಪಿನ ಎರಕದ ಕವಚಗಳಿಗೆ ಮೂರು ವರ್ಷದ ಆರ್ಡರು ಕೊಡುವವರಿದ್ದರು. ಅದು ಸಿಕ್ಕರೆ ಹತ್ತೊಂಬತ್ತು ಮಂದಿಗೂ ಮೂರು ವರ್ಷ ಚಿಂತೆಯಿಲ್ಲ.

ಕಲಿಸಿದೆ. ಅಷ್ಟು ಶ್ರದ್ಧೆಯ ವಿದ್ಯಾರ್ಥಿ ನನಗೆ ಮತ್ತೆ ಸಿಕ್ಕಿಲ್ಲ. ಪ್ರತಿ ನುಡಿಗಟ್ಟನ್ನೂ ಉರ್ದುವಿನಲ್ಲಿ ಬರೆದುಕೊಂಡು, ಮರುದಿನ ಒಪ್ಪಿಸುತ್ತಿದ್ದರು. ನಾನು ‘ಲೋ ಹ್ಯಾಂಗಿಂಗ್ ಫ್ರೂಟ್’ ಅಂದಾಗ, ಕೈಗೆಟಕುವ ಹಣ್ಣನ್ನು ದಾರಿಯಲ್ಲಿ ಹೋಗುವವರು ಮೊದಲೇ ಕಿತ್ತಿರುತ್ತಾರಲ್ಲ ಎಂದು ಕೇಳಿ, ಉತ್ತರಕ್ಕೆ ಕಾಯದೆ ಬರೆದುಕೊಂಡರು. ತೊಡಕು ಬಂದದ್ದು ಒಂದೇ ಕಡೆ. ಒಂದು ದಿನ ಸಭೆಯ ತಾಲೀಮು ಮಾಡಿಸುತ್ತಿದ್ದೆ. ನಾನೇ ಕಂಪನಿಯ ಅಧಿಕಾರಿ. “ನಿಮ್ಮ ಮಾಲಿನ ಬಗ್ಗೆ ಹೇಳಿ” ಅಂದೆ. ಅವರು ಚೀಲದಿಂದ ಅಂಗೈಯಗಲದ ಕಬ್ಬಿಣದ ತುಂಡೊಂದನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಅದರ ನಡುವೆ ಕಡಲೆಕಾಳು ಹಿಡಿಯುವಷ್ಟು ದೊಡ್ಡ ತೂತಿತ್ತು.

“ಇದು ಖರಾಬ ಮಾಲು. ಒಳಗ ಗಾಳಿ ಸಿಕ್ಕಿ ಹಿಂಗ ಆಗತೈತಿ. ನೂರಕ್ಕ ನಾಕ ಆಗತಾವ. ನಮ್ಮ ಅಬ್ಬಾ ಮೊದಲ ಇದನ್ನ ತೋರಸ್ತಿದ್ರು, ಆಮ್ಯಾಲೆ ಚಲೋದು. ನಾನೂ ಹಂಗ ಮಾಡತೇನಿ. ಖರಾಬ ನೋಡಿದವರು ಚಲೋ ಮಾಲನ್ನ ನಂಬತಾರ್ರಿ.”

ನಾನು ಹಣೆ ಚಚ್ಚಿಕೊಂಡೆ. ಇದನ್ನು ಪುಣೆಯವರ ಮುಂದೆ ತೆಗೆಯಲೇಬಾರದು ಅಂದೆ. ದೋಷದ ಬಗ್ಗೆ ಕೇಳಿದರೆ ‘ಟೀದಿಂಗ್ ಟ್ರಬಲ್ಸ್’ ಅನ್ನಬೇಕು, ಅಂದರೆ ಹಲ್ಲು ಹುಟ್ಟುವಾಗಿನ ಕಿರಿಕಿರಿ. ಸುಧಾರಿಸಿಕೊಳ್ಳುತ್ತೇವೆ ಎಂದು ನಗಬೇಕು.

“ಐವತ್ತ ವರ್ಷದ ಫೌಂಡ್ರಿಗೆ ಇನ್ನೂ ಹಲ್ಲ ಹುಟ್ಟಾಕತ್ತಾವೇನ್ರಿ?” ಎಂದು ಅವರು ಕೇಳಿದರು. ಆದರೂ ಬರೆದುಕೊಂಡರು.

ಸಭೆ ಬೆಳಗಾವಿಯ ಒಂದು ಹೋಟೆಲಿನ ಎಸಿ ಹಾಲಿನಲ್ಲಿ ನಡೆಯಿತು. ನಾನೂ ಹೋಗಿದ್ದೆ. ನನ್ನ ಹುದ್ದೆ ‘ಕನ್ಸಲ್ಟಂಟ್’, ಅದನ್ನು ಕೊಟ್ಟುಕೊಂಡವಳು ನಾನೇ. ಎದುರಿಗೆ ಇಬ್ಬರು ಹುಡುಗರು, ಇಬ್ಬರದೂ ಒಂದೇ ಬಣ್ಣದ ಅಂಗಿ. ಚಾಚಾ ಎಲ್ಲವನ್ನೂ ನೀರು ಕುಡಿದಷ್ಟು ಸಲೀಸಾಗಿ ಒಪ್ಪಿಸಿದರು. ವಿನ್ ವಿನ್ ಅಂದರು, ಆಟ್ ದ ಎಂಡ್ ಆಫ್ ದ ಡೇ ಅಂದರು, ಒಂದು ಕಡೆ ಬಾಟಮ್ ಲೈನ್ ಅಂತಲೂ ಸೇರಿಸಿದರು. ಹುಡುಗರು ತಲೆದೂಗಿ, ಅಂಥವೇ ನಾಲ್ಕು ಮಾತು ವಾಪಸು ಕೊಟ್ಟರು. ಮುಕ್ಕಾಲು ತಾಸಿನಲ್ಲಿ ಯಾರೂ ಏನೂ ಹೇಳಲಿಲ್ಲ, ಎಲ್ಲರಿಗೂ ಸಂತೋಷವಾಗಿತ್ತು. ಕೊನೆಗೆ ಒಬ್ಬ, “ಎನಿ ಚಾಲೆಂಜಸ್?” ಎಂದು ಕೇಳಿದ. ಚಾಚಾರ ಕೈ ತೊಡೆಯ ಮೇಲಿನ ಚೀಲಕ್ಕೆ ಹೋಯಿತು. ನಾನು ಬೇಡವೆಂದು ತಲೆಯಾಡಿಸಿದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡು, “ಓನ್ಲಿ ಟೀದಿಂಗ್ ಟ್ರಬಲ್ಸ್” ಅಂದರು. ನನಗೆ ನನ್ನ ಬಗ್ಗೆಯೇ ಭಾರಿ ಹೆಮ್ಮೆಯಾಯಿತು.

ವಾರದ ಬಳಿಕ ಮೇಲ್ ಬಂತು. ಚಾಚಾ ಮೊಬೈಲು ಹಿಡಿದುಕೊಂಡು ಮಳೆಯಲ್ಲೇ ಬಂದರು. ಅದರಲ್ಲಿ ಇಷ್ಟಿತ್ತು: ನಿಮ್ಮೊಡನೆ ಮಾತಾಡಿ ಬಹಳ ಖುಷಿಯಾಯಿತು, ನಾವೆಲ್ಲ ಒಂದೇ ಪುಟದ ಮೇಲಿದ್ದೇವೆ, ಸದ್ಯಕ್ಕೆ ಈ ವಿಷಯ ಬ್ಯಾಕ್ ಬರ್ನರ್ ಮೇಲೆ, ಅಂದರೆ ಹಿಂದಿನ ಒಲೆಯ ಮೇಲೆ, ಇರುತ್ತದೆ, ಸಮಯ ಬಂದಾಗ ಸರ್ಕಲ್ ಬ್ಯಾಕ್ ಮಾಡಿ ಮತ್ತೆ ನಿಮ್ಮ ಹತ್ತಿರ ಬರುತ್ತೇವೆ, ನಮ್ಮ ಬಾಗಿಲು ಸದಾ ತೆರೆದಿರುತ್ತದೆ.

“ಹೌದಂದಾರೋ ಇಲ್ಲಂದಾರೋ, ಅಷ್ಟ ಹೇಳ್ರಿ” ಅಂದರು ಚಾಚಾ. “ಖಾನಾಪುರದ ಅಂಗಡ್ಯವರು ಕಬ್ಬಿನ ಗಾಣದ ಗಿಯರ್ ಕೇಳ್ಯಾರ. ಹಳೇ ಗಿರಾಕಿ. ಹಂಗಾಮ ಶುರು ಆಗೂದರೊಳಗ ಬೇಕಂತ. ಪುಣೆದು ಹೌದಂದ್ರ ಅವರದು ಮಾಡಾಕ ಆಗೂದಿಲ್ಲ. ಇವತ್ತ ಅವರಿಗೆ ಹೇಳಬೇಕು.”

ನನಗೆ ಗೊತ್ತಿತ್ತು. ಓದಿದ ಕೂಡಲೇ ಗೊತ್ತಾಗಿತ್ತು. ಹನ್ನೊಂದು ವರ್ಷ ಅತಿಥಿಯಾಗಿದ್ದವಳಿಗೆ ಅಷ್ಟೂ ತಿಳಿಯದೆ? ಅದು ಇಲ್ಲ ಎಂಬುದರ ಅಲಂಕಾರ ಮಾಡಿದ ರೂಪ. ಆದರೆ ಹಾಗೆ ಹೇಳಿದರೆ ನನ್ನ ಕ್ಲಾಸು, ನನ್ನ ತಾಲೀಮು, ನಾನು ಆಡಿಸಿದ ತಲೆ, ಎಲ್ಲಕ್ಕೂ ಲೆಕ್ಕ ಹೇಳಬೇಕಾಗುತ್ತಿತ್ತು. ಮಳೆಯಲ್ಲಿ ತೊಯ್ದು ನಿಂತವರ ಮುಖವನ್ನೂ ನೋಡಬೇಕಾಗುತ್ತಿತ್ತು. “ಬಾಗಿಲಾ ತೆರದ ಐತಿ ಅಂದಾರ್ರಿ ಚಾಚಾ” ಅಂದೆ. ಅನುವಾದದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅವರು ನನ್ನ ಎದುರಿಗೇ ಖಾನಾಪುರಕ್ಕೆ ಫೋನು ಹಚ್ಚಿ, ಈ ಸಲ ಆಗುವುದಿಲ್ಲ ಅಂದರು. ನಾನು ಕೂತು ಕೇಳಿದೆ.

ಆಮೇಲೆ ಅವರು ಪುಣೆಗೆ ಕಳಿಸುವ ಮೇಲುಗಳನ್ನು ನನಗೂ ಕಳಿಸತೊಡಗಿದರು, ತಪ್ಪಿದ್ದರೆ ತಿದ್ದಲಿ ಎಂದು. ‘ಜಸ್ಟ್ ಟಚಿಂಗ್ ಬೇಸ್’, ಅಂದರೆ ಸುಮ್ಮನೆ ವಿಚಾರಿಸೋಣವೆಂದು. ಹದಿನೈದು ದಿನ ಬಿಟ್ಟು, ‘ದ ಬಾಲ್ ಈಸ್ ಇನ್ ಯುವರ್ ಕೋರ್ಟ್, ಸರ್.’ ಯಾವುದರಲ್ಲೂ ತಪ್ಪಿರಲಿಲ್ಲ. ಒಂದಕ್ಕೂ ಉತ್ತರ ಬರಲಿಲ್ಲ. ನಾನು ಮಾತ್ರ ಪ್ರತಿಯೊಂದಕ್ಕೂ ‘ವೆರಿ ಗುಡ್’ ಎಂದು ಬರೆದು ಕಳಿಸುತ್ತಿದ್ದೆ.

ಗಣಪತಿ ಕಳಿಸಿದ ಮರುವಾರ ತಡೆಯಲಾಗದೆ ಪೀರನವಾಡಿಗೆ ಹೋದೆ. ಕಬ್ಬಿಣ ಕರಗಿಸುವ ಭಟ್ಟಿ ತಣ್ಣಗಿತ್ತು. ಎರಕದ ಮರಳಿನ ಗುಡ್ಡೆಯ ಮೇಲೆ ಬೆಕ್ಕೊಂದು ಮಲಗಿತ್ತು. ಎಂಟು ಮಂದಿ ಬಿಟ್ಟುಹೋಗಿದ್ದರು. ಉಳಿದ ಹನ್ನೊಂದು ಮಂದಿ, ಪುಣೆಯ ಕೆಲಸ ಇನ್ನೇನು ಬರುತ್ತದೆ ಎಂದು ಚಾಚಾ ಹೇಳಿದ್ದನ್ನು ನಂಬಿ, ಅರ್ಧ ಪಗಾರದ ಮೇಲೆ ಕಾಯುತ್ತಿದ್ದರು. ಚಾಚಾ ನನಗೆ ಕುರ್ಚಿ ಒರೆಸಿ ಕೊಟ್ಟರು, ಚಹಾ ತರಿಸಿದರು. ನಾನು ಲೋಟ ಹಿಡಿದುಕೊಂಡು ಕೂತೆ.

ಅವರೇ ತಮ್ಮ ಲೋಟ ಕೆಳಗಿಟ್ಟು, “ಪುಣೆದವರು ಇಲ್ಲ ಅಂದಿದ್ರೇನ್ರಿ?” ಎಂದು ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ.

“ಮೊದಲ ದಿನಾನ ನಿಮಗ ಗೊತ್ತಿತ್ತು?”

ಅದಕ್ಕೂ ತಲೆಯಾಡಿಸಿದೆ. ಮಾತಿನಲ್ಲಿ ಹೇಳುವ ಧೈರ್ಯ ಆಗಲೂ ಬರಲಿಲ್ಲ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ಎದ್ದು ಮೂಲೆಯಲ್ಲಿದ್ದ ಕ್ಯಾನ್ವಾಸಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು, “ನಡ್ರಿ, ಖಾನಾಪುರಕ್ಕ ಹೋಗಿ ಬರೂಣು” ಅಂದರು.

ಖಾನಾಪುರದ ಅಂಗಡಿ ಬಸ್ ಸ್ಟ್ಯಾಂಡಿನ ಹತ್ತಿರವೇ ಇತ್ತು. ಗಾಣದ ಬಿಡಿಭಾಗ, ಪಂಪು, ಪೈಪು ಮಾರುವ ಅಂಗಡಿ. ಹಣೆಗೆ ವಿಭೂತಿ ಹಚ್ಚಿಕೊಂಡಿದ್ದ ಯಜಮಾನರು ಗಿರಾಕಿಯೊಬ್ಬರ ಜೊತೆ ಮರಾಠಿಯಲ್ಲಿ ಚೌಕಾಸಿ ಮುಗಿಸಿ ನಮ್ಮ ಕಡೆ ತಿರುಗಿದರು. ಬರ್ರಿ ಅನ್ನಲಿಲ್ಲ. ನಾನು ಮುಂದಾಗಿ, “ಅಣ್ಣಾರ, ಆವಾಗ ಪರಿಸ್ಥಿತಿನ ಹಂಗ ಇತ್ತರಿ” ಎಂದು ಶುರು ಮಾಡಿದೆ. ಚಾಚಾ ಕೈ ಅಡ್ಡ ಮಾಡಿ ನನ್ನನ್ನು ತಡೆದರು. ಚೀಲದಿಂದ ಆ ತೂತಿನ ಕಬ್ಬಿಣ ತೆಗೆದು ಕೌಂಟರಿನ ಮೇಲೆ ಇಟ್ಟರು.

“ಮೊದಲ ಖರಾಬದ್ದು ಹೇಳತೇನ್ರಿ ಸಾವಕಾರ್ರ. ದೊಡ್ಡ ಆರ್ಡರ್ ಆಸೇಕ ಬಿದ್ದು ನಿಮಗ ಇಲ್ಲ ಅಂದೆ. ಅದು ಬರಲಿಲ್ಲ. ಈಗ ಭಟ್ಟಿ ಬಂದ್ ಐತಿ, ಮಂದಿ ಖಾಲಿ ಕುಂತಾರ. ನಿಮ್ಮ ಕೆಲಸ ಇನ್ನೂ ಐತೇನ್ರಿ?”

ಯಜಮಾನರು ಆ ತುಂಡನ್ನು ಎತ್ತಿ, ತೂತಿನೊಳಗಿಂದ ರಸ್ತೆಯ ಕಡೆ ನೋಡಿ, ಕೆಳಗಿಟ್ಟರು.

“ಇಲ್ರಿ. ಕೊಲ್ಲಾಪುರದವರಿಗೆ ಕೊಟ್ಟ ಬಿಟ್ಟೇನಿ. ಮುಂದಿನ ವರ್ಷ ಮಳಿಗಾಲದಾಗ ಬರ್ರಿ, ಅರ್ಧ ನಿಮಗ. ಪೂರ್ತಿ ಕೊಡೂದಿಲ್ಲ, ಒಮ್ಮೆ ಕೈ ಬಿಟ್ಟೀರಿ.” ಆಮೇಲೆ ಒಳಗೆ ತಿರುಗಿ ಚಹಾ ಹೇಳಿದರು.

ಅಂಗಡಿಯ ಗಡಿಯಾರ ನೋಡಿದೆ. ನಾವು ಒಳಗೆ ಕಾಲಿಟ್ಟು ನಾಲ್ಕು ನಿಮಿಷವಾಗಿತ್ತು. ಯಾವುದು ಇಲ್ಲ, ಯಾವುದು ಹೌದು, ಎಷ್ಟು, ಯಾವಾಗ, ಯಾಕೆ, ಎಲ್ಲವೂ ಗೊತ್ತಾಗಿತ್ತು. ಚಾಚಾ ಬಸ್ಸಿನಲ್ಲಿ ಕೂತ ಮೇಲೆ, “ಎಷ್ಟ ಚಲೋ ಹೇಳಿದ್ರು ನೋಡ್ರಿ” ಅಂದರು. ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ಅದರಿಂದಲೇ ನನಗೆ ಜಾಸ್ತಿ ನೋವಾಯಿತು.

ಬಸ್ಸು ಊರು ದಾಟುತ್ತಲೇ ಅವರು ಮೊಬೈಲು ತೆಗೆದರು. ಫೌಂಡ್ರಿಯಲ್ಲಿ ಇನ್ನು ಮೂರು ಮಂದಿಗೆ ಸಾಕಾಗುವಷ್ಟು ಚಿಲ್ಲರೆ ಕೆಲಸ ಮಾತ್ರ ಇತ್ತು. ಕಾಯುತ್ತಿದ್ದ ಹನ್ನೊಂದರಲ್ಲಿ ಉಳಿದ ಎಂಟು ಮಂದಿಗೆ ಒಬ್ಬೊಬ್ಬರಿಗೇ ಫೋನು ಹಚ್ಚಿದರು. “ಪುಣೆದು ಬರಲಿಲ್ಲ. ಖಾನಾಪುರದ್ದೂ ಈ ವರ್ಷ ಇಲ್ಲ. ಬ್ಯಾರೆ ಕಡೆ ನೋಡಿಕೋ. ಬಾಕಿ ಪಗಾರ ಶನಿವಾರ ಬಂದ ಒಯ್ಯಿ.” ಒಂದೊಂದು ಕರೆಯೂ ಒಂದು ನಿಮಿಷದೊಳಗೆ ಮುಗಿಯುತ್ತಿತ್ತು. ಏಳನೆಯದು ಮುಗಿಸಿ, ಎಂಟನೆಯ ನಂಬರು ಒತ್ತಿ, ಮೊಬೈಲನ್ನು ನನ್ನ ಕಡೆ ಚಾಚಿದರು.

“ಇವನು ಅಬ್ಬಾನ ಕಾಲದಿಂದ ಅದಾನ್ರಿ. ಇದೊಂದ ನೀವು ಹೇಳ್ರಿ ಬಾಯಾರ.”

ಮೊಬೈಲು ಕಿವಿಗೆ ಇಟ್ಟುಕೊಂಡೆ. ಆ ಕಡೆಯಿಂದ ವಯಸ್ಸಾದ ದನಿಯೊಂದು ಹಲೋ ಹಲೋ ಅನ್ನುತ್ತಿತ್ತು. ನನ್ನ ನೋಟ್‌ಬುಕ್ಕಿನ ಇನ್ನೂರು ನುಡಿಗಟ್ಟುಗಳೂ ನಾಲಿಗೆಯ ತುದಿಗೆ ಬಂದು ನಿಂತವು. ಒಂದೊಂದೂ ಮೃದುವಾಗಿತ್ತು, ಒಂದೊಂದೂ ಉಪಯೋಗಕ್ಕೆ ಬರುವಂತಿತ್ತು.

“ನಾ ಇಂಗ್ಲಿಷ್ ಕಲಿಸುವಾಕಿರಿ” ಅಂದೆ. “ಪುಣೆದವರು ಜೂನಿನ್ಯಾಗನ ಇಲ್ಲ ಅಂದಿದ್ರು. ನನಗ ಗೊತ್ತಿತ್ತು. ನಿಮ್ಮ ಮಾಲಕರಿಗೆ ನಾ ಖರೇ ಹೇಳಲಿಲ್ಲ. ಇನ್ನ ಕೆಲಸ ಇಲ್ರಿ.”



“ಜುಲೈದಾಗ ನನಗ ಬ್ಯಾರೆ ಫೌಂಡ್ರಿಯವರು ಕರದಿದ್ರಲ್ರೀ ಬಾಯಾರ” ಅಂದಿತು ಆ ದನಿ. “ಈಗ ಅಲ್ಲಿ ಜಾಗಾ ತುಂಬೇತಿ.”

ಅಷ್ಟು ಹೇಳಿ ಅವರು ಫೋನು ಇಟ್ಟರು. ನಾನು ಮೊಬೈಲನ್ನು ಚಾಚಾರಿಗೆ ವಾಪಸು ಕೊಟ್ಟೆ. ಅವರು ಅದನ್ನು ಜೇಬಿಗೆ ಹಾಕಿಕೊಂಡು ಕಿಟಕಿಯ ಹೊರಗೆ ನೋಡತೊಡಗಿದರು. ಪೀರನವಾಡಿ ಬರಲು ಇನ್ನೂ ಎರಡು ಸ್ಟಾಪು ಇತ್ತು.