ಮಂಜು ಆರುವ ತನಕ ಕೋಸು ಮುಟ್ಟದ ಅಮರಮ್ಮ

ಬೆಳಗಿನ ಆರೂವರೆ. ಸಿಂಧನೂರು ಬಳಿಯ ಜವಳಗೇರಾದ ಭತ್ತದ ಗದ್ದೆಗಳ ನಡುವೆ ತುಸು ಎತ್ತರದಲ್ಲಿರುವ ಹತ್ತು ಗುಂಟೆ ಎಲೆಕೋಸಿನ ತೋಟ. ಅದರ ಬದುವಿನ ಮೇಲೆ ಅಮರಮ್ಮ ಸೆರಗು ಹೊದ್ದು, ಎರಡೂ ಕೈ ಮಡಿಲಲ್ಲಿಟ್ಟು ಕುಳಿತಿದ್ದಾರೆ. ಎದುರಿನ ಗಿಡದಲ್ಲೇ ಹಸಿರು ಹುಳವೊಂದು ಎಲೆ ತೂತು ಮಾಡುತ್ತಿದೆ. ಹುಳ ಆರಿಸುವುದೇ ಅವರ ಕೂಲಿ. ಆದರೂ ಏಳುವುದಿಲ್ಲ.

“ತಡೀರಿ, ಮಂಜು ಆರ್ಲಿ. ಹಸಿ ಎಲಿ ಮುಟ್ಟಬಾರದ್ರಿ,” ಎನ್ನುತ್ತಾರೆ.

ಐವತ್ತರ ಹತ್ತಿರದ ಅಮರಮ್ಮ ಇಪ್ಪತ್ತು ವರ್ಷ ಭತ್ತ ನಾಟಿ ಮಾಡಿದವರು. ಕೆಸರು ನೀರಿನಲ್ಲಿ ನಿಂತು ನಿಂತು ಬೆರಳ ಸಂದು ಹುಣ್ಣಾಗಿ ನಡೆಯುವುದೇ ಕಷ್ಟವಾದಾಗ, ತರಕಾರಿ ಬೆಳೆಯುವ ಆದೆಪ್ಪನವರು ತೋಟಕ್ಕೆ ಕರೆದರು. ಅರವತ್ತು ಸಾಲು, ಮೂರೂವರೆ ಸಾವಿರ ಗಿಡ. ದಿನಕ್ಕೆ ಹನ್ನೆರಡು ಸಾಲಿನಂತೆ ಐದು ದಿನಕ್ಕೊಮ್ಮೆ ತೋಟವೆಲ್ಲ ಅವರ ಕೈಯಡಿ ಹಾದುಹೋಗುತ್ತದೆ. ಪ್ರತಿ ಎಲೆಯ ಬೆನ್ನು ತಿರುವಿ, ಹುಳ ಹಿಡಿದು ಡಬ್ಬಿಯ ಸೀಮೆಎಣ್ಣೆಗೆ ಹಾಕುತ್ತಾರೆ. “ಔಷಧದ ಎಣ್ಣಿ ಹೊಡದ್ರ ಮದಲ ಸಾಯ್ತಿದ್ವು. ಈಗ ಅದನ್ನೂ ಕುಡದು ಅರಗಿಸಿಕೊಳ್ತಾವು,” ಎಂದು ನಗುತ್ತಾರೆ.

ಹುಳದ ಕಾಟಕ್ಕಿಂತ ದೊಡ್ಡದು ಬಂದಿದ್ದು ಎರಡು ವರ್ಷದ ಹಿಂದೆ, ತೊಂಬತ್ತೊಂದರ ಚಳಿಗಾಲದಲ್ಲಿ. ಎಲೆಯ ಅಂಚು ಹಳದಿಯಾಗಿ, ನರ ಕಪ್ಪಾಗಿ, ಗಡ್ಡೆ ಒಳಗೊಳಗೇ ಕೊಳೆತು ನಾರತೊಡಗಿತು. ಒಂದೇ ಗಿಡದಿಂದ ಶುರುವಾದದ್ದು ಒಂಬೈನೂರು ಗಿಡಗಳಿಗೆ ಹಬ್ಬಿತು. ಔಷಧ ಬದಲಿಸಿದರು, ನೀರು ಕಡಿಮೆ ಮಾಡಿದರು. ನಿಲ್ಲಲಿಲ್ಲ.

ಆ ನಡುವೆ ಅಮರಮ್ಮ ತಂಗಿಯನ್ನು ನೋಡಲು ಮಸ್ಕಿಗೆ ಹೋಗಿ ಎರಡು ದಿನ ತಪ್ಪಿಸಿದ್ದರು. ಎರಡು ವಾರ ಕಳೆದ ಮೇಲೆ ಅವರ ಕಣ್ಣಿಗೆ ಬಿದ್ದದ್ದು ವಿಚಿತ್ರ: ಆ ಎರಡು ದಿನ ಬಿಟ್ಟುಹೋದ ಇಪ್ಪತ್ನಾಲ್ಕು ಸಾಲುಗಳಲ್ಲಿ ಹೊಸದಾಗಿ ಕೊಳೆ ಬಂದಿರಲಿಲ್ಲ. ಉಳಿದ ಕಡೆ ಅದು ಅವರು ನಡೆದ ದಾರಿಯಲ್ಲೇ, ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿತ್ತು.

“ನನ್ನ ಕೈಯಾಗನ ಐತಿ ರೋಗ ಅಂತ ತಿಳೀತ್ರಿ. ನಸುಕಿನಾಗ ಬರ್ತಿದ್ನೆಲ್ಲ, ಎಲಿ ಹಸಿ ಇರ್ತಿತ್ತು. ಕೆಟ್ಟ ಗಿಡ ಮುಟ್ಟಿದ ಕೈಲೆ ಚೊಲೊ ಗಿಡ ಮುಟ್ಟೀನಿ.”

ಹೇಳಿದರೆ ಕೆಲಸ ಹೋಗಬಹುದು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ದಿನ ಸುಮ್ಮನಿದ್ದರಂತೆ. ಮರುದಿನ ಆದೆಪ್ಪನವರನ್ನು ತೋಟಕ್ಕೆ ಕರೆದು ಸಾಲು ಸಾಲೇ ತೋರಿಸಿದರು.

“ಹಂಗಾದ್ರ ನೀ ಹುಳ ಆರಸೋದು ಬ್ಯಾಡೇನು?” ಅವರ ದನಿ ಏರಿತ್ತು.

“ಆರಸ್ತೀನ್ರಿ ಸಾವ್ಕಾರ್ರ. ಮಂಜು ಆರಿದ ಮ್ಯಾಲೆ.”

“ಅಲ್ಲೀತನಕ ಕುಂತಿದ್ದಕ್ಕ ಕೂಲಿ ಕೊಡ್ಲೇನು?”

“ಸಂಜಿಗೆ ಅಷ್ಟೇ ಹೊತ್ತು ಜಾಸ್ತಿ ನಿಲ್ತೀನಿ. ಒಂದು ತಿಂಗ್ಳು ನೋಡ್ರಿ.”

ಆದೆಪ್ಪನವರು ಹುಳದ ಡಬ್ಬಿಯನ್ನು ಅವರ ಮುಂದಿಟ್ಟು ಹೋದರು. ಅಮರಮ್ಮ ಅದನ್ನೇ ಒಪ್ಪಿಗೆ ಎಂದುಕೊಂಡರು. ಅಂದಿನಿಂದ ಬಿಸಿಲು ಏರಿ ಎಲೆ ಒಣಗುವವರೆಗೆ ತೋಟಕ್ಕೆ ಇಳಿಯಲಿಲ್ಲ. ಒಳ್ಳೆಯ ಸಾಲುಗಳನ್ನು ಮೊದಲು, ರೋಗದ ಸಾಲುಗಳನ್ನು ಕೊನೆಗೆ ನೋಡಿದರು. ನಡುನಡುವೆ ಸೋಪು ಹಚ್ಚಿ ಕೈ ತೊಳೆದರು. ಕೊಳೆತ ಗಿಡ ಕಾಲುವೆಗೆ ಎಸೆಯದೆ ಬುಟ್ಟಿಯಲ್ಲಿ ಹೊತ್ತು ದೂರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರು. ಪಕ್ಕದ ಗದ್ದೆಯ ಹೆಂಗಸರು ಕಿಸಕ್ಕೆಂದರು: “ಅಮರಮ್ಮ ಕ್ಯಾಬೀಜಿಗೆ ಮಡಿ ಹಿಡದಾಳ.”

ತಿಂಗಳೊಳಗೆ ಕೊಳೆ ಹಬ್ಬುವುದು ನಿಂತಿತು. ಮರುವರ್ಷ ಹೋದದ್ದು ನೂರಿಪ್ಪತ್ತು ಗಿಡ. ಈ ವರ್ಷ ಇದುವರೆಗೆ ನಲವತ್ತೊಂದು. ಆದೆಪ್ಪನವರೂ ಈಗ ಮಂಜಿನ ಹೊತ್ತಿನಲ್ಲಿ ಒಳಗೆ ಕಾಲಿಡುವುದಿಲ್ಲ. “ಮದಲ ಕೂಲಿ ತಪ್ಪಸಾಕ ನೆವ ಅಂದ್ಕೊಂಡಿದ್ದೆ. ತನ್ನ ತಪ್ಪು ತಾನ ಹುಡುಕಿ ಹೇಳಾಕ ಬಂದಾಕಿ ಆಕಿ,” ಎನ್ನುತ್ತಾರೆ.

ಎಂಟು ಗಂಟೆ. ಅಮರಮ್ಮ ಹೊರ ಎಲೆಯೊಂದನ್ನು ಬೆರಳ ತುದಿಯಿಂದ ಸವರಿ, ಒಣಗಿದ್ದು ಖಾತ್ರಿಯಾದ ಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಮೊದಲ ಸಾಲಿಗೆ ಬಗ್ಗುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ತಲೆ ಎತ್ತದೆಯೇ ಹೇಳುತ್ತಾರೆ:

“ಸಿಂಧನೂರಾಗ ಸಣ್ಣದು ದೊಡ್ಡದಾಗಿ ಕಾಣೋ ಮಿಷನ್ ಐತಂತಲ್ರಿ. ಅದರಾಗ ಒಮ್ಮೆ ಆ ರೋಗದ ಮಾರಿ ನೋಡಬೇಕು. ಅಷ್ಟು ದಿನ ನನ್ನ ಕೈಮ್ಯಾಲ ಕುಂತು ತೋಟೆಲ್ಲ ತಿರುಗೇತಿ. ಹೆಂಗೈತಿ ಅಂತ ನನಗ ಗೊತ್ತ ಇಲ್ಲ.”