ಲ್ಯಾಮಿನೇಷನ್ ಮಾಡಿಸಿದ ಯುದ್ಧನೌಕೆಗಳು

ಬೆಳಿಗ್ಗೆ ಅಂಗಿ ಒಗೆಯಲು ಹಾಕುವಾಗ ಜೇಬಿನಿಂದ ಅರ್ಧ ಇಂಚಿನ ರಟ್ಟಿನ ಬಿಲ್ಲೆಯೊಂದು ಬಿತ್ತು. "ಇದೇನ್ರೀ, ಕಸಾನ?" ಎಂದಳು ಹೆಂಡತಿ. ಕಸವಲ್ಲ ಸ್ವಾಮಿ, ಅದೊಂದು ಯುದ್ಧನೌಕೆ. ಗಂಗಾವತಿಯಲ್ಲಿರಬೇಕಾದದ್ದು ಕೊಪ್ಪಳದ ನನ್ನ ಮನೆಯಲ್ಲಿದೆ. ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಹೇಳಿದರೆ ನಗುತ್ತೀರಿ. ವಯಸ್ಸು ಐವತ್ತು ದಾಟಿದೆ, ಹುಚ್ಚು ಮಾತ್ರ ಬಾಹ್ಯಾಕಾಶ ಯುದ್ಧದ ಹಳೆಯ ಆಟಗಳದ್ದು. ಮಡಚಿದ ನಕ್ಷೆ, ಅದರ ತುಂಬ ಜೇನುಗೂಡಿನಂಥ ಆರು ಮೂಲೆಯ ಮನೆಗಳು, ಒಂದು ರಟ್ಟಿನ ಹಾಳೆಯಲ್ಲಿ ಇನ್ನೂರು ಹಡಗು. ಅಚ್ಚು ಹಾಕುವುದನ್ನು ಎಂದೋ ನಿಲ್ಲಿಸಿದ್ದಾರೆ. ಇವಕ್ಕಾಗಿ ಕುಷ್ಟಗಿ, ಯಲಬುರ್ಗಾ ಅಂತ ರದ್ದಿ ಅಂಗಡಿಗಳನ್ನು ಅಲೆದೆ. ಸಿಕ್ಕ ಆಟಕ್ಕಿಂತ ಕುಡಿದ ಚಹಾವೇ ಹೆಚ್ಚು. ಕೊನೆಗೆ ದೂರದೂರುಗಳಿಂದ ತರಿಸಿಕೊಳ್ಳಲು ಅಂಚೆಯವರೇ ಗತಿಯಾದರು.

ಈ ಬಿಲ್ಲೆಯ ಆಟವೊಂದನ್ನು ಮಾತ್ರ ಹುಡುಕಿಕೊಟ್ಟವರು ಗಂಗಾವತಿಯ ರಸೂಲಸಾಬರು, ಪುಸ್ತಕಕ್ಕೆ ಬೈಂಡಿಂಗ್ ಹಾಕುವವರು. ಯಾರೋ ಎಂಜಿನಿಯರರ ಹಳೆಯ ಪುಸ್ತಕದ ಗಂಟಿನಲ್ಲಿತ್ತಂತೆ. ಪ್ರತಿ ಶುಕ್ರವಾರ ನಮಾಜು ಮುಗಿದ ಮೇಲೆ ಅವರ ಅಂಗಡಿಯಲ್ಲಿ ನಾವಿಬ್ಬರೂ ಬೇರೆ ಆಟಗಳನ್ನು ಆಡುತ್ತಿದ್ದೆವು. ಇದನ್ನು ಮಾತ್ರ ನಾನು ಮುಟ್ಟಗೊಡಲಿಲ್ಲ. ಹಾಳೆಯಿಂದ ಒಂದು ಬಿಲ್ಲೆಯನ್ನೂ ಬಿಡಿಸದ ಡಬ್ಬಿಗೆ ನಮ್ಮಂಥ ಹುಚ್ಚರಲ್ಲಿ ಭಾರಿ ಮರ್ಯಾದೆ.

"ಇದನ್ನ ಯಾವಾಗ ಆಡೂದ್ರಿ ಸರ್?"

"ನೋಡೂಣು, ತಡೀರಿ."

ಎಂಟು ವರ್ಷ ತಡೆದರು. ಅಷ್ಟರಲ್ಲಿ ನಾನು, ಹಾಳೆಗೆ ಹುಳ ಬಿದ್ದೀತೆಂದು ಹೆದರಿ, ಕೋರ್ಟಿನ ಮುಂದಿನ ಝೆರಾಕ್ಸ್ ಅಂಗಡಿಗೆ ಒಯ್ದು, ಮಾರ್ಕ್ಸ್‌ಕಾರ್ಡಿಗೆ ಮಾಡಿಸುವ ಹಾಗೆ ಲ್ಯಾಮಿನೇಷನ್ ಮಾಡಿಸಿದೆ. ಇನ್ನೂರು ಹಡಗುಗಳೂ ಪ್ಲಾಸ್ಟಿಕ್ಕಿನೊಳಗೆ ಬಂದಿಯಾದವು. ಭಾರಿ ಶಾಣ್ಯಾತನ ಮಾಡಿದೆ ಅಂದುಕೊಂಡೆ.

ಎರಡು ವಾರದ ಹಿಂದೆ ರಸೂಲಸಾಬರು ಸೂಜಿ, ದಾರ ಎರಡನ್ನೂ ನನ್ನ ಕೈಗಿತ್ತರು. "ನೀವಾ ಪೋಣಿಸಿಕೊಡ್ರಿ. ಕಣ್ಣಿನ ನರ ಒಣಗಾಕತ್ಯಾವಂತ. ಆಪರೇಷನ್ನಿಗೂ ಬರೂದಿಲ್ಲಂತ ಡಾಕ್ಟರ್ ಹೇಳ್ಯಾರ. ಕಾಣೂದ್ರಾಗ ಆ ಆಟ ಆಡಿಬಿಡೂಣ್ರಿ."

ಮುಂದಿನ ಶುಕ್ರವಾರ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಗಿಣಿಗೇರಾ ದಾಟುವವರೆಗೂ ಇಳಿದು ವಾಪಸ್ ಹೋಗಿಬಿಡಲೇ ಅಂತ ಒದ್ದಾಡಿದೆ. ಅಷ್ಟು ನಾಚಿಕೆಯಾಗಿತ್ತು. ಅಂಗಡಿಯಲ್ಲಿ ರಸೂಲಸಾಬರು ಡಬ್ಬಿ ತೆರೆದು ಪ್ಲಾಸ್ಟಿಕ್ಕನ್ನು ಸವರಿದರು.

"ಎಂಥಾ ಕೆಲಸ ಮಾಡಿಟ್ಟೀರಿ ಸರ್. ಜೀವ ಇರೂ ಹಡಗಿಗೆ ಹೆಣದ ಕಫನ್ ಹೊಚ್ಚೀರಿ."

ಆಮೇಲೆ ಹೆಬ್ಬೆರಳ ಉಗುರಿನಿಂದ ಗೆರೆ ಹುಡುಕುತ್ತ, ಬೈಂಡಿಂಗಿನ ಚಾಕುವಿನಿಂದ ಒಂದೊಂದೇ ಬಿಲ್ಲೆ ಕತ್ತರಿಸಿದರು. ಪ್ರತಿ ಬಿಲ್ಲೆಯ ಅಂಚಿಗೂ ಕಚ್ಚು ಹಾಕಿದರು: ಸಣ್ಣ ಹಡಗಿಗೆ ಒಂದು, ದೊಡ್ಡದಕ್ಕೆ ಮೂರು. ಯಾಕೆಂದು ಕೇಳಿದೆ.

"ಬೆರಳಿಗೆ ಗೊತ್ತಾಗಬೇಕಲ್ರಿ. ಮುಂದೂ ಆಡಬೇಕಲ್ಲ."

ಕಣ್ಣಿರುವಾಗ ಒಂದು ಸಲ ಆಡಿ ಮುಗಿಸುವ ಆಸೆ ಅವರದು ಅಂತ ನಾನು ತಿಳಿದಿದ್ದೆ. ಅವರು ಕಣ್ಣು ಹೋದ ಮೇಲಿನ ಶುಕ್ರವಾರಗಳಿಗೂ ತಯಾರಿ ಮಾಡುತ್ತಿದ್ದರು. ಆ ದಿನ ನಾನು ಸೋತೆ, ಡಬ್ಬಿಯನ್ನು ಅವರಲ್ಲೇ ಬಿಟ್ಟು ಬಂದೆ.

ಇವತ್ತು ಮತ್ತೆ ಶುಕ್ರವಾರ. ಜೇಬಿನಿಂದ ಬಿದ್ದ ಬಿಲ್ಲೆಯನ್ನು ಕಣ್ಣು ಮುಚ್ಚಿ ಸವರಿದೆ. ಮೂರು ಕಚ್ಚು. ಆಟದಲ್ಲಿ ನಾನು ಹಿಡಿದು ಮರೆತು ಜೇಬಿಗೆ ಹಾಕಿಕೊಂಡಿದ್ದ ಅವರದೇ ದೊಡ್ಡ ಹಡಗು, ಹುಡುಕುತ್ತಿರುತ್ತಾರೆ. ಕಪಾಟಿನಲ್ಲಿ ಬಿಡಿಸದ ಡಬ್ಬಿಗಳು ಇನ್ನೂ ಆರು ಇದ್ದವು, ಆರನ್ನೂ ಚೀಲಕ್ಕೆ ತುಂಬಿದ್ದೇನೆ. "ಉಂಡಾದ್ರೂ ಹೋಗ್ರಿ" ಅಂತಿದ್ದಾಳೆ ಹೆಂಡತಿ. ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಫೋನು ಹಚ್ಚಿದೆ.

"ರಸೂಲಸಾಬರ, ಚಾಕು ಮಸದಿಡ್ರಿ. ಬರಾಕತ್ತೀನಿ."